ತರಕಾರಿ ಬೆಳೆಗಳಲ್ಲಿ ಭಾರಲೋಹ ಮಾಲಿನ್ಯ: ವೃಷಭಾವತಿ ಕಣಿವೆ ಮತ್ತು ಬೆಂಗಳೂರಿನ ಆಹಾರ ಸುರಕ್ಷತೆ

ತರಕಾರಿ ಬೆಳೆಗಳಲ್ಲಿ ಭಾರಲೋಹ ಮಾಲಿನ್ಯ ಎಂದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಆರ್ಸೆನಿಕ್, ಪಾದರಸ ಮೊದಲಾದ ಧಾತುಗಳು ನೀರು, ಮಣ್ಣು, ಗೊಬ್ಬರ ಅಥವಾ ಗಾಳಿಯ ಮೂಲಕ ಗಿಡವನ್ನು ಸೇರಿ, ಅದರ ತಿನ್ನುವ ಭಾಗದಲ್ಲಿ ಮನುಷ್ಯನ ಆರೋಗ್ಯಕ್ಕೆ ಹಾನಿ ತರಬಲ್ಲ ಪ್ರಮಾಣದಲ್ಲಿ ಶೇಖರವಾಗುವ ಸ್ಥಿತಿ. ಕರ್ನಾಟಕದಲ್ಲಿ ಈ ವಿಷಯ ಮುಖ್ಯವಾಗಿ ಬೆಂಗಳೂರಿನ ಕೊಳಚೆನೀರು ಹರಿಯುವ ಕಣಿವೆಗಳ ಬೇಸಾಯಕ್ಕೆ ಸಂಬಂಧಿಸಿದೆ. ನಗರದ ಪಶ್ಚಿಮ ಭಾಗದ ಅತ್ತಿಗುಪ್ಪೆ, ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ ಮತ್ತು ಕೆಂಗೇರಿ ಬಡಾವಣೆಗಳ ನೀರು ಇಳಿಯುವ ವೃಷಭಾವತಿ ಕಣಿವೆ ಇದಕ್ಕೆ ಪ್ರಮುಖ ಉದಾಹರಣೆ.

ಪರಿಭಾಷೆ

ಘನ ಸೆಂಟಿಮೀಟರಿಗೆ ಸುಮಾರು 5 ಗ್ರಾಂಗಿಂತ ಹೆಚ್ಚಿನ ಸಾಂದ್ರತೆಯುಳ್ಳ ಲೋಹಗಳನ್ನು ಭಾರಲೋಹಗಳೆಂದು ಕರೆಯುವುದು ರೂಢಿ. ಈ ಅಳತೆಯಲ್ಲಿ ಕ್ರೋಮಿಯಂನ ಸಾಂದ್ರತೆ 7.19, ಕ್ಯಾಡ್ಮಿಯಂನದು 8.65, ಸೀಸದ್ದು 11.34, ಪಾದರಸದ್ದು 13.5. ಆರ್ಸೆನಿಕ್ ರಸಾಯನಶಾಸ್ತ್ರದ ದೃಷ್ಟಿಯಿಂದ ಲೋಹಾಭವಾದರೂ, ಅಂದರೆ ಲೋಹ ಮತ್ತು ಅಲೋಹಗಳ ನಡುವಣ ಗುಣದ ಧಾತುವಾದರೂ, ಅದರ ವಿಷಗುಣದ ಕಾರಣದಿಂದ ಇದೇ ಗುಂಪಿನಲ್ಲಿ ಪರಿಗಣಿತವಾಗುತ್ತದೆ. ಸಾಂದ್ರತೆಗೂ ವಿಷಗುಣಕ್ಕೂ ನೇರ ಸಂಬಂಧವಿಲ್ಲದ ಕಾರಣ ಭಾರಲೋಹ ಎಂಬ ಪದವೇ ವೈಜ್ಞಾನಿಕವಾಗಿ ಅಸ್ಪಷ್ಟವೆಂಬ ಆಕ್ಷೇಪವನ್ನು ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟದ ಪತ್ರಿಕೆಯಲ್ಲಿ ಜಾನ್ ಡಫಸ್ 2002ರಲ್ಲಿ ಮಂಡಿಸಿದರು. ಆದರೂ ಆಹಾರ ಸುರಕ್ಷತೆಯ ಬರಹಗಳಲ್ಲಿ ಈ ಪದವೇ ಬಳಕೆಯಲ್ಲಿ ಉಳಿದಿದೆ.

ಜೀವಿಗಳಿಗೆ ಬೇಕಾಗುವಿಕೆಯನ್ನು ಆಧರಿಸಿ ಈ ಧಾತುಗಳು ಎರಡು ಗುಂಪಾಗುತ್ತವೆ. ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಮತ್ತು ನಿಕಲ್ ಗಿಡಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಅವಶ್ಯಕವಾದ ಸೂಕ್ಷ್ಮ ಪೋಷಕಗಳಾಗಿದ್ದು, ಮಿತಿ ಮೀರಿದಾಗ ಮಾತ್ರ ವಿಷವಾಗುತ್ತವೆ. ಸೀಸ, ಕ್ಯಾಡ್ಮಿಯಂ ಮತ್ತು ಪಾದರಸಗಳಿಗೆ ಮಾನವ ದೇಹದಲ್ಲಿ ಯಾವ ಉಪಯೋಗವೂ ಇಲ್ಲ. ಕೀಟನಾಶಕದಂಥ ಸಾವಯವ ಅಣುಗಳು ಕಾಲಕ್ರಮದಲ್ಲಿ ವಿಘಟನೆಗೊಳ್ಳುತ್ತವೆ. ಲೋಹ ಧಾತುರೂಪದ ವಸ್ತುವಾದ್ದರಿಂದ ಅದಕ್ಕೆ ವಿಘಟನೆಯಿಲ್ಲ. ಅದು ಒಂದು ಸಂಯುಕ್ತದಿಂದ ಇನ್ನೊಂದಕ್ಕೆ, ಒಂದು ಸ್ಥಳದಿಂದ ಇನ್ನೊಂದಕ್ಕೆ ಸಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಈ ಮಾಲಿನ್ಯದ ಇತರ ಲಕ್ಷಣಗಳೆಲ್ಲ ಈ ಗುಣದಿಂದಲೇ ಹುಟ್ಟುತ್ತವೆ.

ಲೋಹದ ಪ್ರಮಾಣವನ್ನು ಮಣ್ಣು ಮತ್ತು ಆಹಾರದಲ್ಲಿ ಕಿಲೋಗ್ರಾಮಿಗೆ ಇಷ್ಟು ಮಿಲಿಗ್ರಾಂ ಎಂದೂ ನೀರಿನಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ ಸೂಚಿಸಲಾಗುತ್ತದೆ. ಇವೆರಡೂ ಸ್ಥೂಲವಾಗಿ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ, ಅಂದರೆ ಒಂದು ಪಿಪಿಎಂಗೆ ಸಮ.

ಭೌಗೋಳಿಕ ಹಿನ್ನೆಲೆ

ಬೆಂಗಳೂರು ಎತ್ತರದ ದಿಬ್ಬದ ಮೇಲಿರುವ ನಗರ. ಅಲ್ಲಿ ಬಳಕೆಯಾದ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಪ್ರಧಾನ ಕಣಿವೆಗಳಲ್ಲಿ ಹರಿದುಹೋಗುತ್ತದೆ. ಮೊದಲ ಎರಡು ಕಣಿವೆಗಳು ದಕ್ಷಿಣ ಪಿನಾಕಿನಿಯತ್ತ ಸಾಗಿದರೆ, ವೃಷಭಾವತಿ ಅರ್ಕಾವತಿಯನ್ನು ಕೂಡಿಕೊಂಡು ಕಾವೇರಿಯನ್ನು ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುತ್ತದೆಂಬ ನಂಬಿಕೆಯೇ ಈ ಹೊಳೆಯ ಹೆಸರಿಗೆ ಮೂಲ. ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿರುವ ಗಾಳಿ ಆಂಜನೇಯ ದೇವಾಲಯ ಇದೇ ಹೊಳೆಯ ದಡದ ಪುರಾತನ ಕ್ಷೇತ್ರವಾಗಿದೆ. ಅಲ್ಲಿಂದ ಮುಂದೆ ಹೊಳೆ ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಕೆಂಗೇರಿ, ಕುಂಬಳಗೋಡುಗಳನ್ನು ದಾಟಿ, ಬಿಡದಿ ಸಮೀಪ 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಬೈರಮಂಗಲ ಜಲಾಶಯವನ್ನು ತುಂಬಿ, ಕನಕಪುರದ ದಿಕ್ಕಿನಲ್ಲಿ ಅರ್ಕಾವತಿಗೆ ಇಳಿಯುತ್ತದೆ.

ಅತ್ತಿಗುಪ್ಪೆ ವಿಜಯನಗರಕ್ಕೂ ಮೈಸೂರು ರಸ್ತೆಗೂ ನಡುವೆ ಇರುವ ವಸತಿ ಪ್ರದೇಶವಾಗಿದ್ದು, ಅದರ ರಾಜಕಾಲುವೆಗಳ ನೀರು ಈ ಕಣಿವೆಗೇ ಸೇರುತ್ತದೆ. ಪಶ್ಚಿಮ ಬೆಂಗಳೂರು ವಸತಿಯ ಜೊತೆಗೆ ಕೈಗಾರಿಕೆಗೂ ನೆಲೆಯಾಗಿದೆ. ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ ಮತ್ತು ಸುಂಕದಕಟ್ಟೆಯ ಸಣ್ಣ ಕಾರ್ಯಾಗಾರಗಳು, 1970ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಭಾಗ ಹಾಗೂ ಹೊಳೆಯ ಕೆಳಹರಿವಿನ ಕುಂಬಳಗೋಡು ಮತ್ತು ಬಿಡದಿಯ ಕೈಗಾರಿಕೆಗಳು ಇದೇ ಜಲಾನಯನದಲ್ಲಿವೆ. ಮೈಸೂರು ರಸ್ತೆಯಲ್ಲಿ ದಿನಕ್ಕೆ 18 ಕೋಟಿ ಲೀಟರ್ ಸಾಮರ್ಥ್ಯದ ವೃಷಭಾವತಿ ಕಣಿವೆ ಕೊಳಚೆನೀರು ಶುದ್ಧೀಕರಣ ಘಟಕವಿದೆ. ಮಳೆಗಾಲದಲ್ಲಷ್ಟೇ ತುಂಬಿ ಹರಿಯುತ್ತಿದ್ದ ಹೊಳೆ ನಗರದ ಬಳಕೆಯ ನೀರಿನಿಂದಾಗಿ ವರ್ಷವಿಡೀ ಹರಿಯುವಂತಾಗಿದ್ದು, ಅದರ ದಡದ ಊರುಗಳಿಗೂ ಬೈರಮಂಗಲದ ಅಚ್ಚುಕಟ್ಟಿಗೂ ಬೇಸಿಗೆಯಲ್ಲೂ ಬತ್ತದ ನೀರಾವರಿಯ ಮೂಲವಾಗಿದೆ. ಸಾರಜನಕ ಮತ್ತು ರಂಜಕ ಹೇರಳವಾಗಿರುವ ಈ ನೀರಿನಲ್ಲಿ ಸೊಪ್ಪು, ಮೇವಿನ ಹುಲ್ಲು, ಭತ್ತ, ಹಿಪ್ಪುನೇರಳೆ ಮತ್ತು ತೆಂಗು ಬೆಳೆಯಲಾಗುತ್ತದೆ.

ಮಾಲಿನ್ಯದ ಮೂಲಗಳು

ಭಾರಲೋಹಗಳ ಮೂಲಗಳು ನೈಸರ್ಗಿಕ ಮತ್ತು ಮಾನವಕೃತ ಎಂದು ಎರಡು ಬಗೆ. ಶಿಲೆಗಳ ಶಿಥಿಲೀಕರಣದಿಂದ ಲೋಹ ಮಣ್ಣು ಮತ್ತು ಅಂತರ್ಜಲಕ್ಕೆ ಸೇರುವುದು ಮೊದಲನೆಯ ಬಗೆ. ಚಿನ್ನದ ಅದಿರಿನ ಶಿಲಾಪಟ್ಟಿಯಿರುವ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಚರ್ಮದ ಮೇಲೆ ಕಲೆ ಮತ್ತು ಗಂಟುಗಳು ಕಾಣಿಸಿಕೊಂಡದ್ದಕ್ಕೆ ಸ್ಥಳೀಯ ಭೂರಚನೆಯೊಂದಿಗೆ ಸಂಬಂಧವಿದೆ. ಬೆಂಗಳೂರಿನ ಕಣಿವೆಗಳ ಸಮಸ್ಯೆ ಬಹುಪಾಲು ಎರಡನೆಯ ಬಗೆಯದು.

ಮಾನವಕೃತ ಮೂಲಗಳಲ್ಲಿ ಮೊದಲನೆಯದು ಕೈಗಾರಿಕಾ ತ್ಯಾಜ್ಯನೀರು. ಲೋಹದ ವಸ್ತುವಿನ ಮೇಲೆ ವಿದ್ಯುತ್ತಿನ ನೆರವಿನಿಂದ ಇನ್ನೊಂದು ಲೋಹದ ತೆಳುಪದರ ಕೂರಿಸುವ ಎಲೆಕ್ಟ್ರೋಪ್ಲೇಟಿಂಗ್ ಪ್ರಕ್ರಿಯೆಯಿಂದ ಕ್ರೋಮಿಯಂ, ನಿಕಲ್, ಸತು ಮತ್ತು ಕ್ಯಾಡ್ಮಿಯಂ ಹೊರಬರುತ್ತವೆ. ಬ್ಯಾಟರಿ ತಯಾರಿಕೆ ಮತ್ತು ಹಳೆಯ ಬ್ಯಾಟರಿಗಳನ್ನು ಒಡೆದು ಕರಗಿಸುವ ಕೆಲಸದಿಂದ ಸೀಸ, ಚರ್ಮ ಹದ ಮಾಡುವುದರಿಂದ ಕ್ರೋಮಿಯಂ, ಬಣ್ಣ ಮತ್ತು ವರ್ಣದ್ರವ್ಯಗಳಿಂದ ಸೀಸ, ಕ್ರೋಮಿಯಂ ಹಾಗೂ ಕ್ಯಾಡ್ಮಿಯಂ ಬರುತ್ತವೆ. ಮನೆಯ ಕೊಳಚೆಯಲ್ಲಿ ಲೋಹಗಳ ಪಾಲು ಕಡಿಮೆಯಿದ್ದರೂ, ಒಂದೇ ರಾಜಕಾಲುವೆಯಲ್ಲಿ ಕಾರ್ಯಾಗಾರದ ನೀರೂ ಮನೆಯ ನೀರೂ ಬೆರೆತಾಗ ಅವುಗಳನ್ನು ಬೇರ್ಪಡಿಸುವುದು ಅಸಾಧ್ಯವಾಗುತ್ತದೆ. ಕೊಳಚೆನೀರು ಶುದ್ಧೀಕರಣ ಘಟಕಗಳ ಮುಖ್ಯ ವಿನ್ಯಾಸ ಸಾವಯವ ಕಲ್ಮಷವನ್ನು ಸೂಕ್ಷ್ಮಜೀವಿಗಳಿಂದ ಕೊಳೆಸುವುದಾಗಿದೆ. ಲೋಹದ ಒಂದು ಪಾಲು ಅಲ್ಲಿನ ಕೆಸರಿಗೆ ಅಂಟಿಕೊಂಡು ಉಳಿದರೆ, ಕರಗಿದ ಪಾಲು ಸಂಸ್ಕರಿತ ನೀರಿನೊಡನೆ ಹೊರಹೋಗಬಲ್ಲದು.

ಎರಡನೆಯದು ವಾಹನ ಮತ್ತು ಗಾಳಿಯ ಮೂಲ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿತಾದರೂ, ಅದಕ್ಕೆ ಹಿಂದಿನ ದಶಕಗಳಲ್ಲಿ ರಸ್ತೆಬದಿಯ ಮಣ್ಣಿಗೆ ಬಿದ್ದ ಸೀಸ ಅಲ್ಲಿಯೇ ಉಳಿದಿರುತ್ತದೆ. ಟೈರಿನ ಸವೆತದಿಂದ ಸತು ಮತ್ತು ಬ್ರೇಕಿನ ಸವೆತದಿಂದ ತಾಮ್ರ ಧೂಳಾಗಿ ಹರಡುತ್ತವೆ. ಮೂರನೆಯದು ಬೇಸಾಯದ ಒಳಸುರಿಗಳು. ಶಿಲಾರಂಜಕದಿಂದ ತಯಾರಾದ ರಂಜಕ ಗೊಬ್ಬರದಲ್ಲಿ ಕ್ಯಾಡ್ಮಿಯಂ ಇರುತ್ತದೆ. ಶಿಲೀಂಧ್ರನಾಶಕವಾಗಿ ಬಳಸುವ ಬೋರ್ಡೊ ದ್ರಾವಣ ಮಣ್ಣಿಗೆ ತಾಮ್ರವನ್ನು ಸೇರಿಸುತ್ತದೆ. ವಿಂಗಡಿಸದ ನಗರ ಕಸದಿಂದ ಮಾಡಿದ ಕಾಂಪೋಸ್ಟಿನಲ್ಲಿ ಬ್ಯಾಟರಿ, ಬಣ್ಣದ ಡಬ್ಬಿ ಮತ್ತು ವಿದ್ಯುನ್ಮಾನ ತ್ಯಾಜ್ಯಗಳ ಲೋಹ ಸೇರಿಕೊಳ್ಳುತ್ತದೆ. ಈ ಕಾರಣದಿಂದ ರಸಗೊಬ್ಬರ ನಿಯಂತ್ರಣ ಆದೇಶ, 1985 ನಗರ ಕಾಂಪೋಸ್ಟಿನ ಕಿಲೋಗ್ರಾಮಿಗೆ ಕ್ಯಾಡ್ಮಿಯಂ 5, ನಿಕಲ್ 50, ಕ್ರೋಮಿಯಂ 50, ಸೀಸ 100 ಮಿಲಿಗ್ರಾಂ ಎಂಬ ಮಿತಿಗಳನ್ನು ವಿಧಿಸಿದೆ.

ಮಣ್ಣಿನಲ್ಲಿ ಲೋಹದ ಶೇಖರಣೆ

ನೀರಿನಲ್ಲಿ ಲೋಹದ ಪ್ರಮಾಣ ಅಲ್ಪವಾಗಿದ್ದರೂ ದೀರ್ಘಕಾಲದ ನೀರಾವರಿಯಿಂದ ಮಣ್ಣಿನಲ್ಲಿ ಅದು ಕೂಡುತ್ತಾ ಹೋಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೀರಾವರಿಯ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಶಿಫಾರಸು ಮಾಡಿದ್ದು, ಹೆಕ್ಟೇರಿಗೆ ವರ್ಷಕ್ಕೆ 10,000 ಘನ ಮೀಟರ್ ನೀರಿನ ಬಳಕೆಯನ್ನು ಈ ಶಿಫಾರಸಿಗೆ ಆಧಾರವಾಗಿಟ್ಟುಕೊಂಡಿದೆ. ಈ ಲೆಕ್ಕದಲ್ಲಿ ಮಿತಿಯೊಳಗಿನ ನೀರೇ ಒಂದು ಹೆಕ್ಟೇರಿಗೆ ವರ್ಷಕ್ಕೆ 100 ಗ್ರಾಂ ಕ್ಯಾಡ್ಮಿಯಂ ತರಬಲ್ಲದು. ಉಳುಮೆಯ ಪದರದ ಮಣ್ಣನ್ನು ಹೆಕ್ಟೇರಿಗೆ ಸುಮಾರು 2,000 ಟನ್ ಎಂದು ಹಿಡಿದರೆ, ಕಿಲೋಗ್ರಾಂ ಮಣ್ಣಿಗೆ ವರ್ಷಕ್ಕೆ 0.05 ಮಿಲಿಗ್ರಾಂನಂತೆ 20 ವರ್ಷಗಳಲ್ಲಿ 1 ಮಿಲಿಗ್ರಾಂ ಹೆಚ್ಚಳವಾಗುತ್ತದೆ. ನೀರಿನ ಪರೀಕ್ಷೆಯ ಫಲಿತಾಂಶ ತೃಪ್ತಿಕರವಾಗಿರುವಲ್ಲಿಯೂ ಮಣ್ಣಿನಲ್ಲಿ ಲೋಹ ಅಧಿಕವಾಗಿ ಕಾಣುವುದಕ್ಕೆ ಈ ಸಂಚಯವೇ ಕಾರಣ.

ಮಣ್ಣಿನಲ್ಲಿರುವ ಒಟ್ಟು ಲೋಹವೆಲ್ಲ ಗಿಡಕ್ಕೆ ದಕ್ಕುವುದಿಲ್ಲ. ಜೇಡಿಮಣ್ಣಿನ ಕಣ, ಸಾವಯವ ಪದಾರ್ಥ ಮತ್ತು ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಂಡ ಭಾಗ ನಿಶ್ಚಲವಾಗಿರುತ್ತದೆ. ಮಣ್ಣಿನ ನೀರಿನಲ್ಲಿ ಕರಗಿದ ಭಾಗವನ್ನು ಮಾತ್ರ ಬೇರುಗಳು ಹೀರಬಲ್ಲವು, ಇದಕ್ಕೆ ಲಭ್ಯ ಲೋಹ ಎಂದು ಹೆಸರು. ಲಭ್ಯತೆಯನ್ನು ನಿರ್ಧರಿಸುವ ಮುಖ್ಯ ಅಂಶ ಮಣ್ಣಿನ ರಸಸಾರ, ಅಂದರೆ ಆಮ್ಲತೆ ಅಥವಾ ಕ್ಷಾರತೆಯ ಅಳತೆ. ರಸಸಾರ 7ಕ್ಕಿಂತ ಕೆಳಗಿಳಿದು ಮಣ್ಣು ಹುಳಿಯಾದಂತೆ ಕ್ಯಾಡ್ಮಿಯಂ, ಸತು ಮತ್ತು ನಿಕಲ್ ಹೆಚ್ಚು ಕರಗುತ್ತವೆ. ಬೆಂಗಳೂರು ಸುತ್ತಲಿನ ಕೆಂಪು ಮಣ್ಣು ಸಾಮಾನ್ಯವಾಗಿ ಸಾವಯವ ಅಂಶದಲ್ಲಿ ಬಡವಾಗಿದ್ದು ಹಲವೆಡೆ ಹುಳಿ ಗುಣ ಹೊಂದಿರುವುದರಿಂದ, ಲೋಹವನ್ನು ಹಿಡಿದಿಡುವ ಅದರ ಶಕ್ತಿ ಕಪ್ಪು ಜೇಡಿಮಣ್ಣಿಗಿಂತ ಕಡಿಮೆ.

ಸಸ್ಯದೊಳಕ್ಕೆ ಪ್ರವೇಶ

ಗಿಡದ ಬೇರಿನಲ್ಲಿ ವಿಷಲೋಹಗಳಿಗೆಂದೇ ಮೀಸಲಾದ ದ್ವಾರಗಳಿಲ್ಲ. ಅವು ಪೋಷಕಾಂಶಗಳ ವಾಹಕ ಪ್ರೋಟೀನುಗಳನ್ನು ಬಳಸಿಕೊಂಡು ಒಳನುಸುಳುತ್ತವೆ. ಕ್ಯಾಡ್ಮಿಯಂ ಕಬ್ಬಿಣ, ಸತು, ಮ್ಯಾಂಗನೀಸ್ ಮತ್ತು ಕ್ಯಾಲ್ಸಿಯಂಗಳ ದಾರಿಯಲ್ಲಿ, ಆರ್ಸೆನೇಟ್ ರೂಪದ ಆರ್ಸೆನಿಕ್ ರಂಜಕದ ದಾರಿಯಲ್ಲಿ, ಕ್ರೋಮೇಟ್ ರೂಪದ ಕ್ರೋಮಿಯಂ ಗಂಧಕದ ದಾರಿಯಲ್ಲಿ ಪ್ರವೇಶಿಸುತ್ತದೆ. ಆದ್ದರಿಂದ ಸತು ಅಥವಾ ಕಬ್ಬಿಣದ ಕೊರತೆಯಿರುವ ಮಣ್ಣಿನಲ್ಲಿ ಬೆಳೆದ ಗಿಡ ಹೆಚ್ಚು ಕ್ಯಾಡ್ಮಿಯಂ ಹೀರಿಕೊಳ್ಳುವ ಸಂಭವವಿದೆ.

ಒಳಬಂದ ಲೋಹದ ಮುಂದಿನ ಗತಿ ಧಾತುವಿನಿಂದ ಧಾತುವಿಗೆ ಬೇರೆಯಾಗುತ್ತದೆ. ಸೀಸ ಮತ್ತು ಕ್ರೋಮಿಯಂ ಬಹುಮಟ್ಟಿಗೆ ಬೇರಿನ ಕೋಶಭಿತ್ತಿಗಳಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಕ್ಯಾಡ್ಮಿಯಂ, ಸತು ಮತ್ತು ನಿಕಲ್ ನೀರ್ನಾಳಗಳ ಮೂಲಕ ಎಲೆಗೆ ಸುಲಭವಾಗಿ ಏರುತ್ತವೆ. ಗಿಡ ತನ್ನ ರಕ್ಷಣೆಗಾಗಿ ಫೈಟೋಕೆಲಾಟಿನ್ ಎಂಬ ಗಂಧಕಯುಕ್ತ ಪೆಪ್ಟೈಡುಗಳಿಂದ ಲೋಹವನ್ನು ಬಂಧಿಸಿ ಎಲೆಯ ಕೋಶಗಳ ರಸಧಾನಿಯಲ್ಲಿ ಕೂಡಿಡುತ್ತದೆ. ಇದರಿಂದ ಗಿಡಕ್ಕೆ ರಕ್ಷಣೆ ದೊರೆತರೂ ಅದನ್ನು ತಿನ್ನುವವರಿಗೆ ದೊರೆಯುವುದಿಲ್ಲ. ಹಾಗಾಗಿ ಹಸಿರಾಗಿ, ಸೊಂಪಾಗಿ ಕಾಣುವ ಸೊಪ್ಪಿನಲ್ಲಿಯೂ ಮಿತಿಮೀರಿದ ಕ್ಯಾಡ್ಮಿಯಂ ಇರಬಹುದಾಗಿದ್ದು, ಬಣ್ಣ, ವಾಸನೆ ಅಥವಾ ರುಚಿಯಿಂದ ಅದನ್ನು ಗುರುತಿಸಲಾಗದು.

ಎಲೆಯ ಮೇಲ್ಮೈಗೆ ಬೀಳುವ ಧೂಳು ಮತ್ತು ಮಣ್ಣಿನ ಸಿಡಿತ ಇನ್ನೊಂದು ಮಾರ್ಗ. ಸೊಪ್ಪಿನಲ್ಲಿ ಕಂಡುಬರುವ ಸೀಸದ ಗಣನೀಯ ಪಾಲು ಈ ಬಗೆಯ ಬಾಹ್ಯ ಶೇಖರವಾಗಿರಬಹುದು. ಗಿಡದ ತಿನ್ನುವ ಭಾಗದಲ್ಲಿರುವ ಲೋಹದ ಪ್ರಮಾಣವನ್ನು ಮಣ್ಣಿನಲ್ಲಿರುವ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ವರ್ಗಾವಣೆ ಗುಣಾಂಕ ಎನ್ನುತ್ತಾರೆ. ಸಾಮಾನ್ಯವಾಗಿ ಕ್ಯಾಡ್ಮಿಯಂನ ಗುಣಾಂಕ ಹೆಚ್ಚಾಗಿಯೂ ಸೀಸ ಮತ್ತು ಕ್ರೋಮಿಯಂಗಳ ಗುಣಾಂಕ ಕಡಿಮೆಯಾಗಿಯೂ ಇರುತ್ತದೆ.

ತರಕಾರಿ ವರ್ಗಗಳು

ಲೋಹ ಹೀರುವ ಪ್ರವೃತ್ತಿಯನ್ನು ಅನುಸರಿಸಿ ತರಕಾರಿಗಳನ್ನು ಮೂರು ವರ್ಗಗಳಲ್ಲಿ ಪರಿಶೀಲಿಸಬಹುದು. ಮೊದಲನೆಯದು ಪಾಲಕ್, ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಮೊದಲಾದ ಸೊಪ್ಪುಗಳ ವರ್ಗ. ವಿಶಾಲವಾದ ಎಲೆ, ಹೆಚ್ಚಿನ ಬಾಷ್ಪವಿಸರ್ಜನೆ ಮತ್ತು ವೇಗದ ಬೆಳವಣಿಗೆಯ ಕಾರಣ ಇವು ಹೆಚ್ಚು ಲೋಹ ಸಂಗ್ರಹಿಸುತ್ತವೆ. ನಾಲ್ಕರಿಂದ ಆರು ವಾರಗಳಲ್ಲಿ ಕೊಯ್ಲಿಗೆ ಬರುವ ಇವುಗಳಿಗೆ ನಗರದಲ್ಲಿ ನಿತ್ಯ ಬೇಡಿಕೆಯಿದ್ದು ದೂರದ ಸಾಗಣೆಯಲ್ಲಿ ಬಾಡುವುದರಿಂದ, ನಗರದ ಅಂಚಿನ ಕೊಳಚೆ ಹರಿವಿನ ಜಮೀನುಗಳಲ್ಲಿಯೇ ಇವುಗಳ ಬೇಸಾಯ ಹೆಚ್ಚು. ಹೀಗಾಗಿ ಸಸ್ಯಶಾಸ್ತ್ರೀಯ ಕಾರಣವೂ ಮಾರುಕಟ್ಟೆಯ ಕಾರಣವೂ ಈ ವರ್ಗದಲ್ಲಿ ಒಂದಾಗುತ್ತವೆ.

ಎರಡನೆಯದು ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ಮೊದಲಾದ ಗೆಡ್ಡೆ ತರಕಾರಿಗಳು. ಮಣ್ಣಿಗೆ ನೇರ ಸಂಪರ್ಕವಿರುವ ಇವುಗಳ ಸಿಪ್ಪೆಯಲ್ಲಿ ಸೀಸ ಅಂಟಿಕೊಂಡಿರುವುದುಂಟು. ಮೂರನೆಯದು ಬದನೆ, ಟೊಮೆಟೊ, ಬೆಂಡೆ, ಹುರುಳಿಕಾಯಿ, ಹೀರೆ, ಸೋರೆ ಮೊದಲಾದ ಕಾಯಿ ತರಕಾರಿಗಳು. ಲೋಹ ಕಾಯಿಗೆ ಸಾಗುವ ಮುನ್ನ ಬೇರು, ಕಾಂಡ ಮತ್ತು ಎಲೆಗಳಲ್ಲಿ ಬಹುಪಾಲು ಉಳಿಯುವುದರಿಂದ ಇವುಗಳಲ್ಲಿ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಬದನೆಯಂಥ ಕೆಲವು ಬೆಳೆಗಳ ಕೆಲವು ತಳಿಗಳು ಇದಕ್ಕೆ ಅಪವಾದವಾಗಿ ಹೆಚ್ಚಿನ ಕ್ಯಾಡ್ಮಿಯಂ ತೋರಬಹುದು.

ಪ್ರಮುಖ ಲೋಹಗಳು ಮತ್ತು ಆರೋಗ್ಯದ ಪರಿಣಾಮ

ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಅಡ್ಡಿಯಾಗಿ ಬುದ್ಧಿಶಕ್ತಿ ಮತ್ತು ಗಮನಶಕ್ತಿಯನ್ನು ಕುಗ್ಗಿಸುತ್ತದೆ. ರಕ್ತದ ಹೀಮ್ ತಯಾರಿಕೆಗೆ ತಡೆಯೊಡ್ಡಿ ರಕ್ತಹೀನತೆ ತರುತ್ತದೆ. ವಯಸ್ಕರಲ್ಲಿ ರಕ್ತದೊತ್ತಡ ಹೆಚ್ಚಿಸುತ್ತದೆ. ಕ್ಯಾಲ್ಸಿಯಂನ ಸ್ಥಾನದಲ್ಲಿ ಮೂಳೆಯೊಳಗೆ ದಶಕಗಳ ಕಾಲ ನೆಲೆಸಿ ಗರ್ಭಧಾರಣೆಯ ಕಾಲದಲ್ಲಿ ಮತ್ತೆ ರಕ್ತಕ್ಕೆ ಬರಬಲ್ಲದು. ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಯಾವ ಮಟ್ಟವೂ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಆಹಾರದ ಮೂಲಕ ಸೇವಿಸಬಹುದೆಂದು ಈ ಹಿಂದೆ ನಿಗದಿಪಡಿಸಿದ್ದ ವಾರದ ಮಿತಿಯನ್ನು ಅದೇ ಕಾರಣಕ್ಕೆ 2010ರಲ್ಲಿ ಹಿಂಪಡೆಯಲಾಯಿತು.

ಕ್ಯಾಡ್ಮಿಯಂನ ಮುಖ್ಯ ಗುರಿ ಮೂತ್ರಪಿಂಡ. ಅಲ್ಲಿ ಅದರ ಅರ್ಧಾಯು, ಅಂದರೆ ಸೇರಿದ ಪ್ರಮಾಣದಲ್ಲಿ ಅರ್ಧ ಹೊರಹೋಗಲು ಬೇಕಾದ ಕಾಲ, 10ರಿಂದ 30 ವರ್ಷಗಳು. ಹೀಗಾಗಿ ಕಡಿಮೆ ಪ್ರಮಾಣದ ನಿತ್ಯ ಸೇವನೆಯೂ ಕಾಲಾಂತರದಲ್ಲಿ ಮೂತ್ರನಾಳಿಕೆಗಳ ಹಾನಿ ಮತ್ತು ಮೂಳೆಸವೆತಕ್ಕೆ ದಾರಿಮಾಡಬಲ್ಲದು. ಜಪಾನಿನ ತೊಯಾಮಾ ಪ್ರಾಂತದ ಜಿಂಜು ನದಿಯ ನೀರಿನಲ್ಲಿ ಬೆಳೆದ ಅಕ್ಕಿ ಮತ್ತು ಅಲ್ಲಿನ ಕುಡಿಯುವ ನೀರಿನ ಮೂಲಕ ಗಣಿಯ ಕ್ಯಾಡ್ಮಿಯಂ ಜನರನ್ನು ಸೇರಿ ಉಂಟಾದ ಇತಾಯಿ–ಇತಾಯಿ ರೋಗವನ್ನು ಅಲ್ಲಿನ ಸರ್ಕಾರ 1968ರಲ್ಲಿ ಮಾಲಿನ್ಯಜನ್ಯ ರೋಗವೆಂದು ಅಂಗೀಕರಿಸಿತು. ಬೆಳೆಯ ಮೂಲಕ ಸಾಮೂಹಿಕ ಲೋಹವಿಷ ಉಂಟಾದುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಕ್ರೋಮಿಯಂನ ವಿಷಗುಣ ಅದರ ರೂಪವನ್ನು ಅವಲಂಬಿಸಿದೆ. ಕೈಗಾರಿಕಾ ತ್ಯಾಜ್ಯದ ಷಡ್ವೇಲೆನ್ಸಿ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಗಿಡದ ಅಂಗಾಂಶಗಳಲ್ಲಿ ಬಹುಪಾಲು ಕಂಡುಬರುವ ತ್ರಿವೇಲೆನ್ಸಿ ರೂಪ ಅದಕ್ಕಿಂತ ಬಹಳ ಕಡಿಮೆ ಹಾನಿಕರ. ನಿಕಲ್ ಸೂಕ್ಷ್ಮ ಪ್ರಕೃತಿಯವರಲ್ಲಿ ಚರ್ಮದ ಅಲರ್ಜಿ ಉಂಟುಮಾಡುತ್ತದೆ. ಆರ್ಸೆನಿಕ್‌ನ ದೀರ್ಘಕಾಲದ ಸೇವನೆ ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರಿನೊಡನೆ ಸಂಬಂಧ ಹೊಂದಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾಡ್ಮಿಯಂ, ಆರ್ಸೆನಿಕ್, ಷಡ್ವೇಲೆನ್ಸಿ ಕ್ರೋಮಿಯಂ ಮತ್ತು ನಿಕಲ್ ಸಂಯುಕ್ತಗಳನ್ನು ಮಾನವರಲ್ಲಿ ಕ್ಯಾನ್ಸರ್ ತರುವುದು ದೃಢಪಟ್ಟ ಒಂದನೆಯ ಗುಂಪಿನಲ್ಲಿ ಇರಿಸಿದೆ.

ಮಾನದಂಡಗಳು ಮತ್ತು ಕಾನೂನು

ಆಹಾರದಲ್ಲಿನ ಲೋಹಗಳ ಅಂತರರಾಷ್ಟ್ರೀಯ ಮಿತಿಗಳನ್ನು 1963ರಲ್ಲಿ ಸ್ಥಾಪಿತವಾದ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ ನಿಗದಿಪಡಿಸುತ್ತದೆ. ತಾಜಾ ತೂಕದ ಪ್ರತಿ ಕಿಲೋಗ್ರಾಮಿಗೆ ಸೊಪ್ಪುಗಳಲ್ಲಿ ಸೀಸ 0.3 ಮತ್ತು ಕ್ಯಾಡ್ಮಿಯಂ 0.2 ಮಿಲಿಗ್ರಾಂ, ಗೆಡ್ಡೆಗಳಲ್ಲಿ ಎರಡೂ 0.1 ಮಿಲಿಗ್ರಾಂ, ಕಾಯಿ ತರಕಾರಿಗಳಲ್ಲಿ ಎರಡೂ 0.05 ಮಿಲಿಗ್ರಾಂ ಅದರ ಪ್ರಧಾನ ಮಿತಿಗಳು. ತಾಜಾ ತರಕಾರಿಯಲ್ಲಿ ಕಬ್ಬಿಣ ಮತ್ತು ನಿಕಲ್‌ಗಳಿಗೆ ಕೋಡೆಕ್ಸ್ ಮಾಲಿನ್ಯಕಾರಕಗಳ ಮಾನದಂಡದಲ್ಲಿ ಇಂಥ ಮಿತಿಯಿಲ್ಲ. ಕ್ಯಾಡ್ಮಿಯಂನ ಒಟ್ಟು ಸೇವನೆಗೆ ದೇಹತೂಕದ ಕಿಲೋಗ್ರಾಮಿಗೆ ತಿಂಗಳಿಗೆ 25 ಮೈಕ್ರೋಗ್ರಾಂ ಎಂಬ ತಾತ್ಕಾಲಿಕ ಸಹನೀಯ ಮಿತಿಯನ್ನು 2010ರಲ್ಲಿ ನಿಗದಿಪಡಿಸಲಾಯಿತು. ಕಿಲೋಗ್ರಾಮಿಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ ಸೊಪ್ಪನ್ನು 60 ಕಿಲೋ ತೂಕದ ವ್ಯಕ್ತಿ ದಿನಕ್ಕೆ 100 ಗ್ರಾಂನಂತೆ ತಿಂಗಳಿಡೀ ತಿಂದರೆ, ಆ ಒಂದು ಪದಾರ್ಥದಿಂದಲೇ ಈ ಮಿತಿಯ ಶೇಕಡ 40ರಷ್ಟು ಭರ್ತಿಯಾಗುತ್ತದೆ.

ಭಾರತದಲ್ಲಿ ಆಹಾರ ಕಲಬೆರಕೆ ತಡೆ ನಿಯಮಗಳು, 1955 ಪ್ರತ್ಯೇಕವಾಗಿ ಹೆಸರಿಸದ ಆಹಾರಗಳಿಗೆ ಕಿಲೋಗ್ರಾಮಿಗೆ ಸೀಸ 2.5 ಮತ್ತು ಕ್ಯಾಡ್ಮಿಯಂ 1.5 ಮಿಲಿಗ್ರಾಂ ಎಂಬ ಮಿತಿಗಳನ್ನು ಹೊಂದಿದ್ದವು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ 2011ರಲ್ಲಿ ಬಂದ ಮಾಲಿನ್ಯಕಾರಕ, ವಿಷ ಮತ್ತು ಶೇಷ ವಸ್ತುಗಳ ನಿಯಮಾವಳಿ ಹಾಗೂ ಅದರ ತಿದ್ದುಪಡಿಗಳು ಈಗ ಈ ವಿಷಯವನ್ನು ನಿಯಂತ್ರಿಸುತ್ತವೆ.

ತ್ಯಾಜ್ಯನೀರಿನ ನಿಯಂತ್ರಣ ಬೇರೊಂದು ಕಾನೂನಿನ ವ್ಯಾಪ್ತಿಗೆ ಸೇರಿದೆ. ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆ, 1974ರ ಅನುಷ್ಠಾನ ಅದೇ ವರ್ಷ ರಚನೆಯಾದ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ. ಪರಿಸರ ಸಂರಕ್ಷಣಾ ನಿಯಮಗಳು, 1986ರ ಸಾಮಾನ್ಯ ಮಾನದಂಡಗಳಂತೆ ಹೊಳೆ, ಕೆರೆಗಳಿಗೆ ಬಿಡುವ ತ್ಯಾಜ್ಯನೀರಿನ ಪ್ರತಿ ಲೀಟರಿನಲ್ಲಿ ಕ್ಯಾಡ್ಮಿಯಂ 2 ಮಿಲಿಗ್ರಾಂವರೆಗೂ ಒಟ್ಟು ಕ್ರೋಮಿಯಂ 2 ಮಿಲಿಗ್ರಾಂವರೆಗೂ ನಿಕಲ್ 3 ಮಿಲಿಗ್ರಾಂವರೆಗೂ ಇರಬಹುದು. ನೀರಾವರಿಗೆ ಶಿಫಾರಸಾದ ಮಟ್ಟಗಳು ಇವಕ್ಕೆ ಪ್ರತಿಯಾಗಿ ಕ್ರಮವಾಗಿ 0.01, 0.1 ಮತ್ತು 0.2 ಮಿಲಿಗ್ರಾಂ. ಕ್ಯಾಡ್ಮಿಯಂನ ವಿಷಯದಲ್ಲಿ ಈ ಎರಡು ಮಾನದಂಡಗಳ ಅಂತರ 200 ಪಟ್ಟು. ತ್ಯಾಜ್ಯನೀರು ಸ್ವಚ್ಛ ಹೊಳೆಯಲ್ಲಿ ಬೆರೆತು ತೆಳುವಾಗುತ್ತದೆಂಬ ಎಣಿಕೆ ಸಾಮಾನ್ಯ ಮಾನದಂಡಗಳ ಹಿಂದಿದೆ. ಬೇಸಿಗೆಯಲ್ಲಿ ಬಹುಪಾಲು ತ್ಯಾಜ್ಯನೀರೇ ಹರಿಯುವ ವೃಷಭಾವತಿಯಂಥ ಹೊಳೆಯಲ್ಲಿ ಆ ಎಣಿಕೆ ಹೊಂದುವುದಿಲ್ಲ.

ಪರೀಕ್ಷಾ ವಿಧಾನ

ತರಕಾರಿಯ ಮಾದರಿಯನ್ನು ತೊಳೆದು, ಒಣಗಿಸಿ, ಪುಡಿಮಾಡಿ, ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸಿದ ಬಳಿಕ ಪರಮಾಣು ಹೀರಿಕೆ ರೋಹಿತಮಾಪಕ ಅಥವಾ ಐಸಿಪಿ–ಎಂಎಸ್ ಎಂಬ ದ್ರವ್ಯರಾಶಿ ರೋಹಿತಮಾಪಕದಿಂದ ಲೋಹದ ಪ್ರಮಾಣವನ್ನು ಅಳೆಯಲಾಗುತ್ತದೆ. ಮೊದಲನೆಯ ಉಪಕರಣ ಪ್ರತಿ ಧಾತು ಹೀರುವ ವಿಶಿಷ್ಟ ಬೆಳಕನ್ನು ಆಧರಿಸಿದ್ದು, ಎರಡನೆಯದು ಅನೇಕ ಧಾತುಗಳನ್ನು ಏಕಕಾಲದಲ್ಲಿ, ಇನ್ನೂ ಸೂಕ್ಷ್ಮ ಮಟ್ಟದಲ್ಲಿ ಗುರುತಿಸಬಲ್ಲದು.

ಫಲಿತಾಂಶಗಳನ್ನು ಅರ್ಥೈಸುವಾಗ ತಾಜಾ ತೂಕ ಮತ್ತು ಒಣ ತೂಕಗಳ ಭೇದ ನಿರ್ಣಾಯಕ. ಪಾಲಕ್‌ನಲ್ಲಿ ಶೇಕಡ 90ಕ್ಕಿಂತ ಹೆಚ್ಚು ನೀರಿರುವುದರಿಂದ ಒಣ ತೂಕದ ಲೆಕ್ಕದಲ್ಲಿ ಬಂದ 2 ಮಿಲಿಗ್ರಾಂ ತಾಜಾ ತೂಕದಲ್ಲಿ ಸುಮಾರು 0.2 ಮಿಲಿಗ್ರಾಂ ಆಗುತ್ತದೆ. ಒಣ ತೂಕದ ಅಂಕಿಯನ್ನು ತಾಜಾ ತೂಕದ ಮಿತಿಯೊಡನೆ ನೇರವಾಗಿ ಹೋಲಿಸಿದರೆ ಮಾಲಿನ್ಯ ಹತ್ತು ಪಟ್ಟು ಅಧಿಕವಾಗಿ ತೋರುತ್ತದೆ. ಮಾದರಿಯನ್ನು ಸರಿಯಾಗಿ ತೊಳೆಯದಿದ್ದರೆ ಅಂಟಿಕೊಂಡ ಮಣ್ಣಿನ ಕಬ್ಬಿಣ ಮತ್ತು ಕ್ರೋಮಿಯಂ ಗಿಡದ ಲೆಕ್ಕಕ್ಕೆ ಸೇರುತ್ತವೆ.

ಬೆಂಗಳೂರಿನ ಅಧ್ಯಯನಗಳು

ನಗರದ ಕೊಳಚೆ ಹರಿವಿನ ಬೆಳೆಗಳ ಕುರಿತ ಸಂಶೋಧನೆ 2000ದ ನಂತರ ವ್ಯಾಪಕವಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಎಚ್. ಲೋಕೇಶ್ವರಿ ಮತ್ತು ಜಿ. ಟಿ. ಚಂದ್ರಪ್ಪ ಅವರು ಬೆಳ್ಳಂದೂರು ಕೆರೆಯ ನೀರು, ಅದರಿಂದ ನೀರುಂಡ ಮಣ್ಣು ಮತ್ತು ಅಲ್ಲಿನ ಬೆಳೆಗಳಲ್ಲಿನ ಭಾರಲೋಹಗಳ ಬಗ್ಗೆ ನಡೆಸಿದ ಅಧ್ಯಯನ 2006ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಗರದಂಚಿನ ಜಲಮೂಲ, ಮಣ್ಣು ಮತ್ತು ತರಕಾರಿಗಳನ್ನು ಒಟ್ಟಾಗಿ ಪರಿಶೀಲಿಸಿದ ವರದಿ 2010ರಲ್ಲಿ ಬಂದಿತು. ವೃಷಭಾವತಿಯ ದಡದಲ್ಲಿ ದೀರ್ಘಕಾಲ ಕೊಳಚೆನೀರು ಪಡೆದ ಮಣ್ಣಿನಲ್ಲಿ ಬೆಳೆದ ಸೊಪ್ಪುಗಳು ಲೋಹ ಹೀರಿಕೊಳ್ಳುವುದನ್ನು ಕುರಿತ ಪ್ರತ್ಯೇಕ ಅಧ್ಯಯನ 2013ರಲ್ಲಿ ಪ್ರಕಟವಾಯಿತು.

ಇವೆಲ್ಲ ಜಮೀನಿನ ಮಟ್ಟದ ಅಧ್ಯಯನಗಳು. ರಾಜ್ಯ ಸರ್ಕಾರದ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ (ಎಂಪ್ರಿ) 2020ರ ದಶಕದ ಮೊದಲ ವರ್ಷಗಳಲ್ಲಿ ಮಾರುಕಟ್ಟೆಯ ಮಟ್ಟದಲ್ಲಿ ಸಮೀಕ್ಷೆ ನಡೆಸಿತು. ನಗರದ 20 ಮಳಿಗೆಗಳಿಂದ 10 ಬಗೆಯ ತರಕಾರಿಗಳ 400 ಮಾದರಿಗಳನ್ನು ಅದು ಸಂಗ್ರಹಿಸಿತು. ಸ್ಥಳೀಯ ಮಾರುಕಟ್ಟೆಗಳ ಜೊತೆಗೆ ಸೂಪರ್‌ಮಾರ್ಕೆಟ್, ಸಹಕಾರಿ ಮಳಿಗೆ ಮತ್ತು ಸಾವಯವ ಅಂಗಡಿಗಳ ಮಾದರಿಗಳೂ ಅದರಲ್ಲಿದ್ದು, ಸೀಸ ಮತ್ತು ಕ್ಯಾಡ್ಮಿಯಂ ಸೇರಿದಂತೆ ಹಲವು ಲೋಹಗಳು ಮಿತಿ ಮೀರಿದ್ದು ವರದಿಯಾಯಿತು. ಸಾವಯವ ಪ್ರಮಾಣೀಕರಣ ಪ್ರಧಾನವಾಗಿ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳಿಲ್ಲದ ಉತ್ಪಾದನಾ ಕ್ರಮಕ್ಕೆ ಸಂಬಂಧಿಸಿದ್ದು. ನೀರು ಅಥವಾ ಮಣ್ಣಿನಲ್ಲಿ ಮೊದಲೇ ಇರುವ ಲೋಹವನ್ನು ಅದು ತೆಗೆಯಲಾರದು.

ನಿಯಂತ್ರಣ ಮತ್ತು ಪರಿಹಾರ ಕ್ರಮಗಳು

ನಿಯಂತ್ರಣ ಕ್ರಮಗಳು ಮೂಲ, ಜಮೀನು ಮತ್ತು ಅಡುಗೆಮನೆ ಎಂಬ ಮೂರು ಹಂತಗಳಲ್ಲಿ ನಡೆಯುತ್ತವೆ. ಮೂಲದ ಹಂತದಲ್ಲಿ ಕೈಗಾರಿಕೆಯ ತ್ಯಾಜ್ಯನೀರಿಗೆ ಸುಣ್ಣ ಅಥವಾ ಇತರ ಕ್ಷಾರ ಬೆರೆಸಿ ಲೋಹವನ್ನು ಹೈಡ್ರಾಕ್ಸೈಡ್ ರೂಪದಲ್ಲಿ ತಳಕ್ಕೆ ಕೂರಿಸುವುದು, ಷಡ್ವೇಲೆನ್ಸಿ ಕ್ರೋಮಿಯಂ ಅನ್ನು ಮೊದಲು ತ್ರಿವೇಲೆನ್ಸಿ ರೂಪಕ್ಕೆ ಇಳಿಸುವುದು ಮತ್ತು ಸಣ್ಣ ಘಟಕಗಳಿಗೆ ಸಾಮೂಹಿಕ ಸಂಸ್ಕರಣಾ ಸ್ಥಾವರ ಒದಗಿಸುವುದು ಪ್ರಚಲಿತ ವಿಧಾನಗಳು. ಲೋಹ ಒಂದೆಡೆ ದಟ್ಟವಾಗಿರುವಾಗ ತೆಗೆಯುವುದು ಸುಲಭ. ರಾಜಕಾಲುವೆಗೆ ಬಿದ್ದು ಕೋಟ್ಯಂತರ ಲೀಟರ್ ನೀರಿನಲ್ಲಿ ಹರಡಿದ ಮೇಲೆ ತೆಗೆಯುವ ವೆಚ್ಚ ಅನೇಕ ಪಟ್ಟು ಹೆಚ್ಚುತ್ತದೆ.

ಜಮೀನಿನ ಹಂತದಲ್ಲಿ ಹುಳಿ ಮಣ್ಣಿಗೆ ಸುಣ್ಣ ಹಾಕಿ ರಸಸಾರವನ್ನು 6.5ರ ಮೇಲೆ ಕಾಯ್ದುಕೊಳ್ಳುವುದು, ಕೊಟ್ಟಿಗೆ ಗೊಬ್ಬರದಿಂದ ಸಾವಯವ ಅಂಶ ಹೆಚ್ಚಿಸುವುದು ಮತ್ತು ಸತುವಿನ ಕೊರತೆ ನೀಗಿಸುವುದು ಲೋಹದ ಲಭ್ಯತೆಯನ್ನು ತಗ್ಗಿಸುತ್ತವೆ. ಬೆಳೆ ಬದಲಾವಣೆ ಇನ್ನೊಂದು ಉಪಾಯ. ಮಲಿನ ಮಣ್ಣಿನಲ್ಲಿ ಸೊಪ್ಪಿನ ಬದಲು ಹೂವು, ಅಲಂಕಾರಿಕ ಗಿಡ ಅಥವಾ ಮರಮಟ್ಟಿನ ಬೆಳೆ ಬೆಳೆದರೆ ಆಹಾರ ಸರಪಳಿ ಕಡಿಯುತ್ತದೆ. ಮೇವಿನ ಬೆಳೆಗೆ ಬದಲಾಯಿಸಿದಾಗ ಲೋಹ ಜಾನುವಾರುಗಳ ಯಕೃತ್ತು ಮತ್ತು ಮೂತ್ರಪಿಂಡಕ್ಕೆ ಸಾಗುವುದರಿಂದ ಅದು ಪೂರ್ಣ ಪರಿಹಾರವಲ್ಲ. ಸಾಸಿವೆ, ಸೂರ್ಯಕಾಂತಿ, ಲಾವಂಚ ಮೊದಲಾದ ಗಿಡಗಳಿಂದ ಮಣ್ಣಿನ ಲೋಹವನ್ನು ಹೀರಿಸಿ ತೆಗೆಯುವ ಸಸ್ಯಶೋಧನೆ ಎಂಬ ವಿಧಾನ ಅಗ್ಗವಾದರೂ ಅನೇಕ ವರ್ಷಗಳನ್ನು ಬೇಡುತ್ತದೆ ಮತ್ತು ಕೊಯ್ದ ಗಿಡವನ್ನು ಅಪಾಯಕಾರಿ ತ್ಯಾಜ್ಯದಂತೆ ವಿಲೇವಾರಿ ಮಾಡಬೇಕಾಗುತ್ತದೆ.

ಅಡುಗೆಮನೆಯ ಹಂತದ ಕ್ರಮಗಳ ಪರಿಣಾಮ ಸೀಮಿತ. ಹರಿಯುವ ನೀರಿನಲ್ಲಿ ಸೊಪ್ಪನ್ನು ಹಲವು ಬಾರಿ ತೊಳೆಯುವುದರಿಂದ ಮತ್ತು ಗೆಡ್ಡೆಗಳ ಸಿಪ್ಪೆ ತೆಗೆಯುವುದರಿಂದ ಮೇಲ್ಮೈಯ ಧೂಳು ಹಾಗೂ ಸೀಸದ ಒಂದು ಪಾಲು ಹೋಗುತ್ತದೆ. ಕೋಶಗಳೊಳಗೆ ಸೇರಿದ ಕ್ಯಾಡ್ಮಿಯಂ ಉಪ್ಪು, ಅರಿಸಿನ ಅಥವಾ ಹುಣಸೆನೀರಿನಲ್ಲಿ ನೆನೆಸಿದರೂ ನಾಶವಾಗುವುದಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ. ಆಹಾರದಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಮತ್ತು ಸತು ಸಾಕಷ್ಟಿದ್ದರೆ ಕರುಳು ಸೀಸ ಮತ್ತು ಕ್ಯಾಡ್ಮಿಯಂಗಳನ್ನು ಕಡಿಮೆ ಹೀರಿಕೊಳ್ಳುತ್ತದೆ. ಕಬ್ಬಿಣದ ಕೊರತೆಯುಳ್ಳ ಮಹಿಳೆಯರು ಮತ್ತು ಮಕ್ಕಳಲ್ಲಿ ಹೀರುವಿಕೆ ಹೆಚ್ಚು. ಒಂದೇ ಬಗೆಯ ಸೊಪ್ಪನ್ನು ಒಂದೇ ಮೂಲದಿಂದ ನಿತ್ಯ ಕೊಳ್ಳುವ ಬದಲು ತರಕಾರಿಗಳ ಬಗೆಯನ್ನೂ ಮೂಲವನ್ನೂ ಬದಲಿಸುತ್ತಿರುವುದು ಒಟ್ಟು ಸೇವನೆಯನ್ನು ತಗ್ಗಿಸುತ್ತದೆ. ತರಕಾರಿಯನ್ನೇ ಕೈಬಿಡುವುದರಿಂದ ಆಗುವ ಪೋಷಣೆಯ ನಷ್ಟ ದೊಡ್ಡದಾದ್ದರಿಂದ ಆಹಾರ ತಜ್ಞರು ಅದನ್ನು ಶಿಫಾರಸು ಮಾಡುವುದಿಲ್ಲ.

ಸದ್ಯದ ಸ್ಥಿತಿ

ಬೆಂಗಳೂರಿನ ಸಂಸ್ಕರಿತ ಕೊಳಚೆನೀರನ್ನು ಒಣ ಜಿಲ್ಲೆಗಳ ಕೆರೆಗಳಿಗೆ ಹರಿಸುವ ಕ್ರಮ 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರಕ್ಕೆ ನೀರು ಹರಿಯುವುದರೊಂದಿಗೆ ಆರಂಭವಾಯಿತು. ಹೆಬ್ಬಾಳ ಕಣಿವೆಯ ನೀರನ್ನು ಚಿಕ್ಕಬಳ್ಳಾಪುರದ ಕಡೆಗೆ ಒಯ್ಯಲಾಗಿದ್ದು, ವೃಷಭಾವತಿ ಕಣಿವೆಯ ನೀರಿಗೂ ಇಂಥದೇ ಯೋಜನೆ ರೂಪಿತವಾಗಿದೆ. ಕೋಲಾರಕ್ಕೆ ಹರಿಯುವ ನೀರು ಎರಡನೆಯ ಹಂತದವರೆಗೆ, ಅಂದರೆ ಸೂಕ್ಷ್ಮಜೀವಿಗಳಿಂದ ಸಾವಯವ ಕಲ್ಮಷ ತೆಗೆಯುವವರೆಗೆ ಸಂಸ್ಕರಿತವಾದದ್ದು. ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ಆ ಭಾಗದ ರೈತ ಸಂಘಟನೆಗಳಿಂದ ನಿರಂತರವಾಗಿ ಬಂದಿದೆ. ಈ ಯೋಜನೆಗಳಿಂದಾಗಿ ನಗರದ ನೀರಿನ ಗುಣಮಟ್ಟದ ಪ್ರಶ್ನೆ ಕಣಿವೆಗಳ ದಡವನ್ನು ದಾಟಿ, ಬೆಂಗಳೂರಿಗೆ ತರಕಾರಿ ಪೂರೈಸುವ ಜಿಲ್ಲೆಗಳ ಬೇಸಾಯದ ಪ್ರಶ್ನೆಯೂ ಆಗಿದೆ.

ಪ್ಯಾಕೆಟ್ಟಿನ ಆಹಾರಕ್ಕೆ ತಯಾರಕರ ಹೆಸರು ಮತ್ತು ತಂಡಸಂಖ್ಯೆ ಕಡ್ಡಾಯ. ಬಿಡಿಯಾಗಿ ಮಾರುವ ಸೊಪ್ಪು ತರಕಾರಿಗೆ ಅಂಥ ಗುರುತಿರುವುದಿಲ್ಲ. ಸಗಟು ಮಾರುಕಟ್ಟೆಯಲ್ಲಿ ಹಲವು ಊರುಗಳ ಸರಕು ಒಂದಾಗಿ ಬೆರೆಯುವುದರಿಂದ, ಮಾದರಿಯಲ್ಲಿ ಮಿತಿ ಮೀರಿದ ಲೋಹ ಪತ್ತೆಯಾದರೂ ಅದು ಬೆಳೆದ ಜಮೀನನ್ನು ಗುರುತಿಸುವುದು ಕಷ್ಟ. ನೀರು, ಮಣ್ಣು ಮತ್ತು ಆಹಾರ ಬೇರೆ ಬೇರೆ ಇಲಾಖೆಗಳ ಹೊಣೆಯಾಗಿರುವುದರಿಂದ ಕಾಲುವೆಯಿಂದ ಊಟದ ತಟ್ಟೆಯವರೆಗಿನ ಲೋಹದ ದಾರಿ ಯಾವುದೇ ಒಂದು ಸಂಸ್ಥೆಯ ಅಧಿಕಾರವ್ಯಾಪ್ತಿಯಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಮಾಲಿನ್ಯದ ಮೂಲ ನಿಂತ ಮೇಲೂ ಮಣ್ಣಿಗೆ ಸೇರಿದ ಸೀಸ ಮತ್ತು ಕ್ಯಾಡ್ಮಿಯಂ ತಾವಾಗಿ ವಿಘಟನೆಗೊಳ್ಳುವುದಿಲ್ಲ, ಉಳುಮೆಯ ಪದರದಲ್ಲಿ ತಲೆಮಾರುಗಳ ಕಾಲ ಉಳಿಯುತ್ತವೆ.